ಎಡಗಿವಿಯ ಸೀಳು

ಮೋನಿಕಾ ಹತ್ತು ವರ್ಷದವಳಿದ್ದಾಗ ಒಂದು ನಾಯಿಯನ್ನು ಕೊಂದಳು. ತಾಳ್ಯದ ಆಚೆಗಿನ ಹೊಲವೊಂದರಲ್ಲಿ ಅವರ ಕುರಿಗಳು ತಂಗಿದ್ದವು. ಬೀದಿನಾಯಿಯೊಂದು ಬೇಲಿ ಹಾರಿ ಬಂದು ಮರಿಯ ಗಂಟಲಿಗೆ ಬಾಯಿ ಹಾಕಿತು. ಹತ್ತಿರದಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಈ ಹುಡುಗಿ ನಾಯಿಯ ಹಿಂಗಾಲು ಹಿಡಿದು ಎಳೆದಳು. ಅದು ತಿರುಗಿ ಮೊಣಕೈಗೆ ಕಚ್ಚಿತು. ಕಚ್ಚಿದ ಕೈಯನ್ನು ಅದರ ಬಾಯಲ್ಲೇ ಬಿಟ್ಟು, ಇನ್ನೊಂದು ಕೈಗೆ ಸಿಕ್ಕ ಕಲ್ಲಿನಿಂದ ಅದರ ತಲೆ ಜಜ್ಜಿದಳು. ಅದು ಅಲ್ಲಾಡುವುದು ನಿಂತ ಮೇಲೂ ಜಜ್ಜಿದಳು. ಅಪ್ಪ ಓಡಿ ಬಂದಾಗ ಮರಿಯೂ ಸತ್ತಿತ್ತು, ನಾಯಿಯೂ ಸತ್ತಿತ್ತು, ಮಗಳು ರಕ್ತದಲ್ಲಿ ಕೂತಿದ್ದಳು. ಅಪ್ಪ ಚಿತ್ರಲಿಂಗಪ್ಪ ಮಾಡಿದ ಮೊದಲ ಕೆಲಸ, ಮರಿ ಸತ್ತಿದ್ದಕ್ಕೆ ಅವಳ ಕೆನ್ನೆಗೆ ಬಾರಿಸಿದ್ದು. ಎರಡನೆಯದು, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನಾಯಿಕಡಿತದ ಇಂಜೆಕ್ಷನ್ನಿಗೆ ಹೊಳಲ್ಕೆರೆಗೆ ಓಡಿದ್ದು.

ಇದನ್ನೆಲ್ಲ ಅವಳೇ ನನಗೆ ಹೇಳಿದ್ದು, ಅದೂ ನಗುತ್ತಾ. ನಾನು ನಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಕ್ಕೆ. ಹೊಡೆತ ತಿಂದ ಕಥೆಗಳಿಗೆ ನಗುವುದು ನಮ್ಮ ಕಡೆಯ ಅಭ್ಯಾಸ. ನಾನೂ ಕಬ್ಬಿಣದ ಅಂಗಡಿಯವರ ಮಗಳು, ನಮ್ಮಪ್ಪ ಅಳತೆಪಟ್ಟಿಯಲ್ಲಿ ಬಾರಿಸಿಯೇ ಮಗ್ಗಿ ಕಲಿಸಿದವರು. ದಂಡಂ ದಶಗುಣಂ ಎನ್ನುವುದು ನಮ್ಮ ಮನೆಯಲ್ಲಿ ಊಟಕ್ಕೆ ಮುಂಚಿನ ಮಂತ್ರದ ಹಾಗಿತ್ತು. ಹಾಗೆ ಕಲಿತು ಬೆಳೆದವಳು ನಾನು, ಹೆಸರು ದಾಕ್ಷಾಯಿಣಿ, ಕೋಪ ಮೂಗಿನ ತುದಿಯಲ್ಲೇ.

ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನನ್ನ ಸಾಫ್ಟ್‌ವೇರ್ ಕಚೇರಿ ಇದೆ. ಐದು ಕಂಪ್ಯೂಟರ್, ಒಂದು ಯುಪಿಎಸ್, ಕೆಳಗಿನಿಂದ ದಿನವಿಡೀ ಸರಳು ಕತ್ತರಿಸುವ ಸದ್ದು. ಹಾಲಿನ ಡೈರಿಗಳಿಗೆ, ಶಾಲೆಗಳಿಗೆ ಪ್ರೋಗ್ರಾಂ ಮಾಡಿಕೊಡುತ್ತೇನೆ. ಮೂರು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಟರ್ನ್‌ಶಿಪ್ ಕೊಡುತ್ತೇನೆಂದು ಶಾಲೆಗಳ ಗೋಡೆಗೆ ಕಾಗದ ಅಂಟಿಸಿ ಬಂದೆ. ಎರಡು ತಿಂಗಳು ಕೆಲಸ ಕಲಿಯಬೇಕು, ಮಧ್ಯಾಹ್ನದ ಊಟ ನನ್ನದು, ಕೊನೆಗೊಂದು ಸರ್ಟಿಫಿಕೇಟ್. ಮೀಸೆ ಚಿಗುರದ ಮಕ್ಕಳ ಕೈಯಲ್ಲಿ ಸಾಫ್ಟ್‌ವೇರ್ ಮಾಡಿಸುತ್ತಾಳಂತೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಕ್ಕವರೇ ಜಾಸ್ತಿ. ನಗಲಿ. ಇಂಜಿನಿಯರಿಂಗ್ ಮುಗಿಸಿ ಬಂದವರಿಗೆ ಕಲಿಸಿ ನನಗೆ ಸಾಕಾಗಿತ್ತು. ಅವರು ಬರುವಾಗಲೇ ಎಲ್ಲ ಗೊತ್ತು ಎಂದುಕೊಂಡು ಬರುತ್ತಾರೆ.

ಕಳೆದ ಏಪ್ರಿಲ್‌ನಲ್ಲಿ ಒಂಬತ್ತನೇ ತರಗತಿ ಮುಗಿಸಿದ ಮೋನಿಕಾ ಬಂದಳು, ಜೊತೆಗೆ ಅಪ್ಪ ಮತ್ತು ಅಜ್ಜಿ. ಚಿತ್ರಲಿಂಗಪ್ಪ ಹೆಗಲ ಕಂಬಳಿ ತೆಗೆಯಲಿಲ್ಲ. ಕುರ್ಚಿ ತೋರಿಸಿ "ಕುಂತ್ಕಳ್ರಿ" ಎಂದರೂ ಕೂರಲಿಲ್ಲ.

"ನಮ್ಮವ್ವನ ಹಟಕ್ಕೆ ಕಳಿಸ್ತಿದ್ದೀನಿ ಮೇಡಮ್ಮರೆ," ಎಂದ. "ನಾನು ನಾಕ್ ಜನದ ಮುಂದೆ ತಲೆ ತಗ್ಗಿಸೋ ಹಂಗೆ ಒಂದೇ ಒಂದು ಕೆಲ್ಸ ಆದ್ರೆ, ಅವತ್ತೇ ಕೈಗೆ ಕೋಲು ಕೊಡ್ತೀನಿ. ಕುರಿ ಹಿಂದೆ ಹೋಗ್ಲಿ."

ಅಜ್ಜಿ ಸಿದ್ದಕ್ಕ ಮಗನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಕಂಪ್ಯೂಟರ್‌ಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಮೋನಿಕಾ ಎಂಬ ಹೆಸರು ಹೆರಿಗೆ ಮಾಡಿಸಿದ ನರ್ಸ್ ಇಟ್ಟದ್ದು. ಮುದುಕಿಯ ನಾಲಿಗೆಗೆ ಅದು ಹತ್ತದೆ ಮೊಮ್ಮಗಳನ್ನು "ಮಣಕ" ಎಂದೇ ಕರೆಯುತ್ತಾಳೆ. ಇನ್ನೂ ಕರು ಹಾಕದ ಪಡ್ಡೆ ಎಮ್ಮೆಗೆ ಹೇಳುವ ಆ ಹೆಸರು ಹಿಡಿದು ಕರೆದರೂ ಆ ಹುಡುಗಿ "ಓ" ಎನ್ನುತ್ತಿತ್ತು.

ಆ ಬೇಸಿಗೆಯ ಕೆಲಸ ತಾನಾಗಿ ಬಂದಿತ್ತು. ಕುರಿ ಕಳವಾದಾಗಲೆಲ್ಲ ಸಂತೆಯಲ್ಲಿ ಹೊಡೆದಾಟ ಆಗುತ್ತದೆ, ಯಾರ ಕುರಿ ಎಂದು ಹೇಳುವ ಆ್ಯಪ್ ಬೇಕು ಎಂದು ಕುರಿ ಸಾಕುವವರ ಸಂಘದ ಅಧ್ಯಕ್ಷ ಕಾಟಲಿಂಗಪ್ಪ ಕೇಳಿಕೊಂಡಿದ್ದರು. ಒಂದೊಂದು ಮನೆಯವರು ಕುರಿಯ ಕಿವಿಗೆ ಒಂದೊಂದು ಗುರುತು ಹಾಕುತ್ತಾರೆ. ಕೆಲವರದು ಬಲಗಿವಿಗೆ ಸೀಳು, ಕೆಲವರದು ತೂತು, ಕೆಲವರು ತುದಿಯನ್ನೇ ಕತ್ತರಿಸುತ್ತಾರೆ. ಮೊಬೈಲಿನಲ್ಲಿ ಕಿವಿಯ ಚಿತ್ರದ ಮೇಲೆ ಆ ಗುರುತು ಒತ್ತಿದರೆ ಮಾಲೀಕರ ಹೆಸರು ಬರಬೇಕು. ಮೂವರು ಮಕ್ಕಳಿಗೆ ಅದನ್ನೇ ಹಂಚಿದೆ. ಹೈಸ್ಕೂಲ್ ಮೇಷ್ಟ್ರ ಮಗಳು ತೇಜಸ್ವಿನಿ ಕೋಡ್ ಬರೆಯುವುದರಲ್ಲಿ ಚುರುಕು. ಹಾಲೇಶ್ ಚಿತ್ರ ಬರೆಯುತ್ತಿದ್ದ. ಗುರುತುಗಳನ್ನು ಸೇರಿಸಿ ಅದನ್ನು ಪರೀಕ್ಷಿಸುವುದು ಮೋನಿಕಾಳ ಪಾಲಿಗೆ ಬಂತು. "ಒಂದು ಗುರುತಿಗೆ ಒಂದೇ ಹೆಸರು" ಎಂಬ ನಿಯಮ ನನ್ನದು. ಅದೇ ಗುರುತಿಗೆ ಇನ್ನೊಂದು ಹೆಸರು ಹಾಕಲು ಹೋದರೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ತಪ್ಪು ಎಂದು ಬರುತ್ತಿತ್ತು.

ಆ ಹುಡುಗಿಯ ಕೆಲಸ ನೋಡಬೇಕಿತ್ತು. ಬಿ.ದುರ್ಗದಿಂದ ತಾಳ್ಯದವರೆಗೆ ಊರೂರು ಅಲೆದು ನೂರಾ ನಲವತ್ತು ಮನೆಯ ಗುರುತು ಬರೆದು ತಂದಳು. ಒಂದು ಮಧ್ಯಾಹ್ನ ಬುತ್ತಿ ತಂದ ಸಿದ್ದಕ್ಕ ಅವಳ ಪಕ್ಕ ಕೂತು ನೋಡಿ, "ಗುರುತು ಪರರಿಗೆ ಕಣೇ ಮಣಕ, ನಮಗೆ ಮುಖ ಸಾಕು," ಎಂದಳು. ಮುದುಕಿಯ ಮಾತು ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಸಂಘದಲ್ಲಿ ತೋರಿಸುವುದಕ್ಕೆ ಎರಡು ದಿನ ಇರುವಾಗ ಕಾಟಲಿಂಗಪ್ಪ ಮುಂಚೆಯೇ ಒಮ್ಮೆ ನೋಡಲು ಬಂದರು. ಮೋನಿಕಾ ಸಂಭ್ರಮದಿಂದ ತಮ್ಮ ಮನೆಯ ಗುರುತನ್ನೇ ಒತ್ತಿದಳು, ಎಡಗಿವಿಯ ತುದಿ ಇಲ್ಲ, ಬಲಗಿವಿಗೆ ಎರಡು ಸೀಳು. ಅಪ್ಪನ ಹೆಸರು ಹಾಕಿದಳು. ಆಮೇಲೆ ಅದೇ ಗುರುತಿಗೆ ಚಿಕ್ಕಪ್ಪ ಕರಿಸಿದ್ದಪ್ಪನ ಹೆಸರನ್ನೂ ಹಾಕಲು ಹೋದಳು. ಪರದೆ ಕೆಂಪಾಯಿತು. ಮತ್ತೆ ಒತ್ತಿದಳು, ಮತ್ತೆ ಕೆಂಪು.

"ಏನ್ರೀ ಮೇಡಂ, ನಿಮ್ಮ ಕಂಪ್ಯೂಟ್ರು ಹಟ ಮಾಡ್ತೈತೆ," ಎಂದು ಕಾಟಲಿಂಗಪ್ಪ ಹಲ್ಲು ಕಿರಿದು ಮೆಟ್ಟಿಲಿಳಿದು ಹೋದರು.

ಆ ನಗು ನನ್ನ ನೆತ್ತಿಗೇರಿತು. ಮೋನಿಕಾಳ ಕುರ್ಚಿಯ ಹಿಂದೆ ಹೋಗಿ ನಿಂತೆ.

"ಮೇಡಂ, ಆ ಗುರುತು ಅಪ್ಪಂದೂ ಹೌದು, ಚಿಕ್ಕಪ್ಪಂದೂ..." ಎಂದು ಅವಳು ಶುರುಮಾಡಿದಳು.

ಮುಗಿಸಲು ಬಿಡಲಿಲ್ಲ. ಅವಳ ಎಡಗಿವಿಯ ಮೇಲೆ ಕೈ ಬೀಸಿ ಹೊಡೆದೆ. ಬೆರಳಿಗೆ ಓಲೆ ತಗುಲಿ ಕಿವಿಯ ಹಾಲೆ ಹರಿದು ಒಂದು ಹನಿ ರಕ್ತ ಕೀಬೋರ್ಡಿನ ಮೇಲೆ ಬಿತ್ತು. "ಒಂದು ಗುರುತಿಗೆ ಒಂದೇ ಹೆಸರು ಅಂತ ನೂರು ಸಲ ಹೇಳಿಲ್ವಾ? ನಾಡಿದ್ದು ಒಂದು ಕೆಂಪು ಕಾಣಿಸಲಿ, ನೀನು ಕುರಿ ಕಾಯೋಕೇ ಹೋಗು!" ಎಂದು ಕಿರುಚಿದೆ. ತೇಜಸ್ವಿನಿ ತಲೆ ತಗ್ಗಿಸಿಕೊಂಡಳು. ಮೋನಿಕಾ ಅಳಲೂ ಇಲ್ಲ. ಸೆರಗಿಲ್ಲದ ಹುಡುಗಿ, ದುಪಟ್ಟಾದ ತುದಿಯಿಂದ ಮೊದಲು ಕೀಬೋರ್ಡ್ ಒರೆಸಿದಳು, ಆಮೇಲೆ ಕಿವಿ.

ಸಂಘದ ದಿನ ಒಂದೇ ಒಂದು ಕೆಂಪು ಬರಲಿಲ್ಲ. ಕುರಿಗಾಹಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ಗುರುತು ಒತ್ತಿ ತಮ್ಮ ಹೆಸರು ಬಂದಾಗ ಸೀಟಿ ಹೊಡೆದರು. ಕರಿಸಿದ್ದಪ್ಪ ಆ ದಿನ ಕುರಿ ಬಿಟ್ಟು ಬಂದಿರಲಿಲ್ಲ. ಚಿತ್ರಲಿಂಗಪ್ಪ ಎಲ್ಲರಿಗಿಂತ ಹಿಂದೆ ನಿಂತು ಮಗಳನ್ನೇ ನೋಡುತ್ತಿದ್ದ, ಕಣ್ಣು ತುಂಬಿತ್ತು. ನಾನು ಬೀಗಿದೆ. ಬಾರಿಸಿದ್ದಕ್ಕೇ ಕಲಿತಳು ಎಂದು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೂ ಭಾನುವಾರ ಕಚೇರಿಗೆ ಬಾ ಎಂದು ಅವಳೊಬ್ಬಳನ್ನೇ ಉಳಿಸಿಕೊಂಡೆ.

ಅವಳು ಮಾಡಿದ್ದೇನು ಎಂದು ತಿಳಿಯಲು ಅವರ ಮನೆಯ ರೂಢಿ ಗೊತ್ತಿರಬೇಕು. ಅಣ್ಣ ತಮ್ಮ ಬೇರೆಯಾದರೂ ಕಿವಿಯ ಗುರುತು ಪಾಲಾಗುವುದಿಲ್ಲ. ಹಳೆಯ ಕುರಿಗಳ ಕಿವಿಯಲ್ಲಿ ಇಬ್ಬರದೂ ಒಂದೇ ಗುರುತು. ಪಾಲಾದ ಮೇಲೆ ಹುಟ್ಟಿದ ತನ್ನ ಮರಿಗಳಿಗೆ ಮಾತ್ರ ತಮ್ಮನಾದವನು ಎಡಗಿವಿಯಲ್ಲೂ ಒಂದು ಸೀಳು ಹೆಚ್ಚಾಗಿ ಹಾಕಿಕೊಳ್ಳುತ್ತಾನೆ. ಹಳೆಯವುಗಳಲ್ಲಿ ಯಾವುದು ಯಾರದು ಎಂಬುದು ಸಿದ್ದಕ್ಕನಿಗೆ ಮುಖ ನೋಡಿದರೆ ಗೊತ್ತು, ಅವಳು ಹೇಳಿದ್ದೇ ತೀರ್ಮಾನ. ಇನ್ನೊಂದು ರೂಢಿಯೂ ಇದೆ. ಮದುವೆಯ ಕರೆಯೋಲೆ ಇರಲಿ, ಮನೆದೇವರ ಪೂಜೆಯ ಸರದಿ ಇರಲಿ, ಹಿರಿಯವನ ಹೆಸರು ಹಾಕಿದರೆ ಇಡೀ ಮನೆಯ ಹೆಸರು ಹಾಕಿದಂತೆ. ಕೆಂಪು ಬರಬಾರದೆಂದು ಮೋನಿಕಾ ಹಾಗೆಯೇ ಹಿರಿಯವನಾದ ಅಪ್ಪನ ಹೆಸರೊಂದನ್ನೇ ಹಾಕಿದ್ದಳು, ಅದರಲ್ಲಿ ಚಿಕ್ಕಪ್ಪನೂ ಬಂದ ಎಂದುಕೊಂಡು. ಆದರೆ ನಾನು ಅದರ ಪಕ್ಕ ಇಟ್ಟಿದ್ದ ಮಾತು "ಮಾಲೀಕರು" ಎಂದಿತ್ತು.

ಆ ಮಳೆಗಾಲ ನೀಲಿನಾಲಿಗೆ ರೋಗ ಬಂದು ಚಿತ್ರಲಿಂಗಪ್ಪನ ಹಿಂಡಿನಲ್ಲಿ ಮೂವತ್ತಕ್ಕೂ ಹೆಚ್ಚು ಕುರಿ ಸತ್ತವು. ಬೇಲಿಯಾಚೆ ತಮ್ಮನ ಹಿಂಡಿಗೆ ಒಂದು ಕೆಮ್ಮೂ ಬರಲಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಸತ್ತ ಕುರಿಗಳನ್ನು ಹೂಳುತ್ತಾ ಅವನ ಹೊಟ್ಟೆ ಉರಿಯಿತು, ಆಮೇಲೆ ಬುದ್ಧಿಯೂ ಉರಿಯಿತು.

ಜುಲೈನ ಒಂದು ಭಾನುವಾರ ಬೆಳಿಗ್ಗೆ ಮೋನಿಕಾ ಫೋನ್ ಮಾಡಿದಳು. "ಮೇಡಂ, ಬೇಗ ಬರ್ರಿ. ಅಪ್ಪ ಮೊಬೈಲ್ ಹಿಡ್ಕಂಡು ಚಿಕ್ಕಪ್ಪನ ಕುರಿ ಹೊಡ್ಕಂಡ್ ಬಂದೈತೆ. ಕಂಪ್ಯೂಟ್ರೇ ಹೇಳೈತೆ ಅಂತೈತೆ. ನೀವ್ ಬಂದು ಸುಳ್ಳು ಅಂತ ಹೇಳ್ರಿ, ಇಲ್ದಿದ್ರೆ ಸಾಯ್ಸ್ಕಂತಾರೆ."

ಸ್ಕೂಟರ್ ಹತ್ತಿದೆ. ಊರಾಚೆ ಮುಳ್ಳುಬೇಲಿಯ ಎರಡು ರೊಪ್ಪಗಳು ಅಕ್ಕಪಕ್ಕ ಇದ್ದವು, ಕುರಿ ಕೂಡುವ ಜಾಗ. ನಾನು ತಲುಪುವಷ್ಟರಲ್ಲಿ ಹಳೆಯ ಗುರುತಿನ ಮೂವತ್ತೊಂದು ಕುರಿಗಳು ತಮ್ಮನ ರೊಪ್ಪದಿಂದ ಅಣ್ಣನ ರೊಪ್ಪಕ್ಕೆ ಬಂದಿದ್ದವು. ಕರಿಸಿದ್ದಪ್ಪ ಬಾಗಿಲ ಮುಳ್ಳನ್ನು ಬರಿಗೈಯಲ್ಲಿ ಕಿತ್ತೆಸೆದು ಒಳಗೆ ನುಗ್ಗುತ್ತಿದ್ದ.

"ನೋಡಲೇ, ಕಣ್ಣಿದ್ರೆ ನೋಡು," ಎಂದು ಚಿತ್ರಲಿಂಗಪ್ಪ ಮೊಬೈಲ್ ಚಾಚಿದ. "ನನ್ನ ಹೆಸ್ರು ಐತೆ. ನಿಂದ್ ಎಲ್ಲೈತೆ?"

ತಮ್ಮನ ಕೋಲು ಮೊದಲು ಮೊಬೈಲಿಗೆ, ಆಮೇಲೆ ಅಣ್ಣನ ಮಂಡಿಗೆ ಬಿತ್ತು. ಮೂಳೆಗೆ ಬಿದ್ದ ಸದ್ದು ರಸ್ತೆಯಲ್ಲಿದ್ದ ನನಗೆ ಕೇಳಿಸಿತು. ಅಣ್ಣ ಬೀಳುತ್ತಲೇ ತಿರುಗಿಸಿ ಬೀಸಿದ. ಕರಿಸಿದ್ದಪ್ಪನ ಬಾಯಿ ಒಡೆದು ಎರಡು ಹಲ್ಲು ಗೊಬ್ಬರದ ಮೇಲೆ ಬಿದ್ದವು. ಇಬ್ಬರೂ ಹೊರಳಾಡಿದರು, ಬೆದರಿದ ಕುರಿಗಳು ಅವರ ಮೇಲೆಯೇ ತುಳಿದು ಓಡಿದವು. ಬಿಡಿಸಲು ಹೋದ ಇಬ್ಬರಿಗೆ ಪೆಟ್ಟು ಬಿದ್ದು ಅವರೂ ಹಿಂದೆ ಸರಿದರು. ಸಿದ್ದಕ್ಕ ಎದೆ ಬಡಿದುಕೊಂಡು ಇಬ್ಬರ ಹೆಸರನ್ನೂ ಕೂಗುತ್ತಿದ್ದಳು.

ಕೊನೆಗೆ ಕರಿಸಿದ್ದಪ್ಪ ಮೇಲಾದ. ಅಣ್ಣನ ಎದೆಯ ಮೇಲೆ ಕೂತು, ಕುತ್ತಿಗೆಗೆ ಮಂಡಿ ಕೊಟ್ಟು, ಗುರುತು ಹಾಕಲು ಮರಿಯನ್ನು ಹಿಡಿಯುತ್ತಾರಲ್ಲ, ಹಾಗೆ ತಲೆಯನ್ನು ಪಕ್ಕಕ್ಕೆ ಒತ್ತಿ ಹಿಡಿದ. ಸೊಂಟದಿಂದ ಗುರುತು ಹಾಕುವ ಚಾಕುವನ್ನೇ ತೆಗೆದ.

"ಕಂಪ್ಯೂಟ್ರಿಗೆ ನಿನ್ ಗುರ್ತೂ ಸಿಗ್ಲಿ," ಎಂದು ಅಣ್ಣನ ಎಡಗಿವಿಯನ್ನು ಎಳೆದು ಸೀಳಿದ.

ಚಿತ್ರಲಿಂಗಪ್ಪ ಕೂಗಿದ ಕೂಗು ಮನುಷ್ಯರದಾಗಿರಲಿಲ್ಲ. ಕಿವಿ ಎರಡು ಹೋಳಾಗಿ ರಕ್ತ ಕುತ್ತಿಗೆಯ ಗುಂಟ ಮಣ್ಣಿಗೆ ಇಳಿಯಿತು. ರಕ್ತ ನೋಡಿ ತಮ್ಮನಿಗೆ ಬುದ್ಧಿ ಬರಲಿಲ್ಲ, ಇನ್ನೂ ಕೆಟ್ಟಿತು. ಚಾಕು ಕಿವಿಯಿಂದ ಕೆಳಗೆ ಗಂಟಲಿನ ಕಡೆ ಜಾರಿತು.

ಆಗ ಮೋನಿಕಾ ಓಡಿದಳು. ಹತ್ತು ವರ್ಷದವಳಿದ್ದಾಗ ನಾಯಿಯ ಕಾಲು ಹಿಡಿದವಳು ಈಗ ಚಿಕ್ಕಪ್ಪನ ಚಾಕುವಿನ ಅಲಗನ್ನೇ ಎರಡೂ ಕೈಯಲ್ಲಿ ಹಿಡಿದಳು. ಬೆರಳ ಸಂದಿಯಿಂದ ರಕ್ತ ಚಿಮ್ಮಿತು. ಬಿಡಲಿಲ್ಲ.

"ಕಂಪ್ಯೂಟ್ರು ಹೇಳಿದ್ದಲ್ಲ ಚಿಕ್ಕಪ್ಪ! ನಾನ್ ಬರ್ದಿದ್ದು! ನಾನೇ ತಪ್ಪು ಬರ್ದಿದ್ದು! ಕುರಿ ನಿಮ್ಮವೇ, ಊರಿಗೆಲ್ಲ ಗೊತ್ತೈತೆ, ನಂಗೂ ಗೊತ್ತೈತೆ!"

ಅಪ್ಪ ಇಡೀ ಊರಿನ ಮುಂದೆ ಸುಳ್ಳನಾದ. ಇನ್ನು ತನ್ನ ಕೈಗೆ ಕುರಿ ಕಾಯುವ ಕೋಲೇ ಗತಿ ಎಂದು ಕೂಗುವ ಮೊದಲೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಕೂಗಿದಳು. ಕರಿಸಿದ್ದಪ್ಪ ಅವಳ ಕೈಯನ್ನು ನೋಡಿದ, ತನ್ನ ಕೈಯನ್ನು ನೋಡಿಕೊಂಡ. ಚಾಕು ಬಿಟ್ಟ.

"ಯಾಕವ್ವ ಹಂಗ್ ಬರ್ದೆ?" ಎಂದ. ಒಡೆದ ಬಾಯಿಂದ ಮಾತು ಸರಿಯಾಗಿ ಬರಲಿಲ್ಲ.

ಅವಳ ಕಣ್ಣು ನನ್ನನ್ನು ಹುಡುಕಿತು. ನಾನು ಸ್ಕೂಟರ್ ಪಕ್ಕ ಬೀಗದ ಕೈ ಹಿಡಿದು ನಿಂತಿದ್ದೆ.

"ಕೆಂಪು ಬಂದ್ರೆ ಮೇಡಂ ಬೈತಾರೆ ಅಂತ," ಎಂದಳು.

ಬೈತಾರೆ ಎಂದಳು. ಅಷ್ಟು ಜನರ ನಡುವೆ, ಕೈಯಿಂದ ರಕ್ತ ಸುರಿಯುತ್ತಿರುವಾಗಲೂ, ಆ ಹುಡುಗಿ ನನ್ನ ಮಾನ ಕಾಯ್ದಳು. ನಾನು ಬಾಯಿ ಬಿಡಲಿಲ್ಲ. ನನ್ನ ಜೀವನದಲ್ಲಿ ನಾನು ಅಷ್ಟು ಹೇಡಿಯಾಗಿದ್ದು ಬೇರೆ ಯಾವತ್ತೂ ಇಲ್ಲ, ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಚಿತ್ರಲಿಂಗಪ್ಪ ಒಂದು ಕೈಯಲ್ಲಿ ಕಿವಿ ಒತ್ತಿಕೊಂಡು ಎದ್ದ. "ನನ್ ಮಾನ ಕಳದ್ಯಲ್ಲೇ!" ಎಂದವನೇ ಕೋಲು ಎತ್ತಿ ಮಗಳ ಬೆನ್ನಿಗೆ ಬಿಟ್ಟ. ಒಂದು ಬಿತ್ತು, ಎರಡು ಬಿತ್ತು. ಅವಳು ಕತ್ತರಿಸಿದ ಕೈಗಳಿಂದ ತಲೆ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕೂತಳು. ಮೂರನೆಯದು ಬೀಳುವಾಗ ನನ್ನ ಕಾಲು ಕೊನೆಗೂ ಎದ್ದಿತು. ಅಡ್ಡ ಹೋದೆ. ಕೋಲು ನನ್ನ ಮುಂಗೈಗೆ ಬಿದ್ದು ಮೂಳೆ ಬಿರುಕು ಬಿಟ್ಟಿತು.

"ಬೈದಿದ್ದಲ್ಲ, ನಾನು ಅವಳಿಗೆ ಹೊಡೆದಿದ್ದೆ," ಎಂದು ಅರಚಿದೆ. "ಚಿಕ್ಕಪ್ಪನದೂ ಅದೇ ಗುರುತು ಅಂತ ಹೇಳೋಕೆ ಬಂದ್ಲು, ಹೇಳೋಕೆ ಬಿಡ್ಲಿಲ್ಲ. ಹೊಡೆದೆ. ಆ ತಪ್ಪು ನಂದು."

ಚಿತ್ರಲಿಂಗಪ್ಪನ ಕೋಲು ಕೆಳಗಿಳಿಯಿತು. ಸಿದ್ದಕ್ಕ ಮೊಮ್ಮಗಳ ಕೈಗೆ ತನ್ನ ಸೆರಗು ಹರಿದು ಕಟ್ಟುತ್ತಿದ್ದವಳು ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನೀನೂ ಹೊಡ್ದ್ಯೇನವ್ವ?" ಎಂದಳು. "ಓದಿರೋರ ಮನೇಲಿ ಹೊಡಿಯಲ್ಲ ಅಂತ ಅಲ್ವಾ ನಾನು ಮಗನ ಕಾಲು ಹಿಡ್ದು ಇವಳನ್ನ ನಿನ್ ಹತ್ರ ಕಳ್ಸಿದ್ದು."

ದುರ್ಗದ ಜಿಲ್ಲಾ ಆಸ್ಪತ್ರೆಗೆ ಒಂದೇ ಆಟೋದಲ್ಲಿ ನಾಲ್ವರೂ ಹೋದೆವು, ಹಲ್ಲಿಲ್ಲದ ತಮ್ಮ, ಕಿವಿ ಹರಿದ ಅಣ್ಣ, ಕೈ ಕೊಯ್ದುಕೊಂಡ ಹುಡುಗಿ, ಕೈ ಮುರಿದ ಮೇಡಂ. ಏನಾಯಿತು ಎಂದು ಡಾಕ್ಟರ್ ಕೇಳಿದರೆ ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ "ಬಿದ್ವಿ ಸಾರ್" ಎಂದರು. ಡಾಕ್ಟರ್ ನನ್ನ ಕಡೆ ತಿರುಗಿದರು. ನಾನೂ ಬಿದ್ದೆ ಎಂದೆ. ಆ ಮಾತಿನ ಮಟ್ಟಿಗೆ ಅದು ನಿಜವೇ ಆಗಿತ್ತು. ಅಣ್ಣನ ಕಿವಿಗೆ ಏಳು ಹೊಲಿಗೆ ಬಿದ್ದವು, ಆದರೂ ಅದು ಮತ್ತೆ ಕೂಡಲಿಲ್ಲ. "ಸಿಟ್ನಲ್ಲಿ ಕೊಯ್ದ ಮೂಗು ಶಾಂತಿಲಿ ಬರ್ತೈತಾ ಅಂತಾರೆ, ನಮ್ಮನೇಲಿ ಕಿವಿ," ಎಂದಳು ಸಿದ್ದಕ್ಕ. ತಮ್ಮನ ಗುರುತು ಅಣ್ಣನ ಕಿವಿಯಲ್ಲಿ ಉಳಿದುಬಿಟ್ಟಿದೆ. "ಕರಿಸಿದ್ದಪ್ಪನ ಕುರಿ ಒಂದು ಈ ಕಡೆ ತಪ್ಪಿಸ್ಕಂಡ್ ಬಂದೈತೆ ನೋಡ್ರಪ್ಪ," ಎಂದು ಸಂತೆಯಲ್ಲಿ ಯಾರಾದರೂ ಕೀಟಲೆ ಮಾಡಿದರೆ ಅವನು ಕಂಬಳಿಯನ್ನು ತಲೆಗೆ ಎಳೆದುಕೊಳ್ಳುತ್ತಾನೆ. ಆ ಮೂವತ್ತೊಂದು ಕುರಿಗಳನ್ನು ಸಿದ್ದಕ್ಕ ಮರುದಿನವೇ ಒಂದೊಂದರ ಮುಖ ಹಿಡಿದು ನೋಡಿ ತಮ್ಮನ ರೊಪ್ಪಕ್ಕೆ ದಾಟಿಸಿದಳು.

ಮೋನಿಕಾಳ ಕೈಗೆ ಕೋಲು ಕೊಡುವ ಮಾತು ಚಿತ್ರಲಿಂಗಪ್ಪ ಎತ್ತಿದ್ದ. ಮುದುಕಿ ಒಂದೇ ಮಾತಿನಲ್ಲಿ ಮುಗಿಸಿದಳಂತೆ: "ತಪ್ಪು ಬರ್ದೋಳೇ ಹೋಗಿ ಸರಿ ಬರೀಲಿ. ಆಮೇಲೆ ಉಳಿದಿದ್ದು ನೋಡಾಣ." ಮಗನನ್ನು ಒಪ್ಪಿಸಿದ ಆ ಅಜ್ಜಿ ನನ್ನ ಬಳಿಗೆ ಮೊಮ್ಮಗಳನ್ನು ಎರಡನೇ ಸಲ ಯಾವ ಧೈರ್ಯದಿಂದ ಕಳಿಸಿದಳೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೂರು ವಾರದ ಮೇಲೆ ಭಾನುವಾರ ಬಂದಳು. ಎರಡು ಬೆರಳು ಮಡಚಲು ಬರುತ್ತಿರಲಿಲ್ಲ, ಉಳಿದವುಗಳಿಂದ ಟೈಪ್ ಮಾಡಿದಳು. ಒಂದು ಗುರುತಿಗೆ ಎಷ್ಟು ಹೆಸರು ಬೇಕಾದರೂ ಹಾಕುವ ಹಾಗೆ ಮಾಡಿದಳು. "ಮಾಲೀಕರು" ಎಂಬುದನ್ನು ತೆಗೆದು "ಮನೆಯವರು" ಎಂದು ಬರೆದಳು. ಅದರ ಕೆಳಗೆ, ಯಾವ ಕುರಿ ಯಾರದು ಎಂದು ಮುಖ ನೋಡಿ ಹೇಳಬಲ್ಲವರ ಹೆಸರಿಗೂ ಒಂದು ಜಾಗ ಮಾಡಿದಳು. ಅವರ ಮನೆಯ ಗುರುತು ಒತ್ತಿದರೆ ಅಲ್ಲಿ ಸಿದ್ದಕ್ಕ ಎಂದು ಬರುತ್ತದೆ. ಇಷ್ಟು ವರ್ಷದಲ್ಲಿ ನನ್ನ ಕಚೇರಿಯಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ಯಾರೂ ಮಾಡಿಲ್ಲ. ನಾನು ಸಂತೋಷ ತಡೆಯಲಾರದೆ ಎದ್ದು ಅವಳ ಕುರ್ಚಿಯ ಹಿಂದೆ ಹೋದೆ, ಬೆನ್ನು ತಟ್ಟೋಣವೆಂದು.

ಅವಳು ತಿರುಗಿ ನೋಡಲಿಲ್ಲ, ಟೈಪ್ ಮಾಡುವುದನ್ನು ನಿಲ್ಲಿಸಲೂ ಇಲ್ಲ. ನನ್ನ ನೆರಳು ಪರದೆಯ ಮೇಲೆ ಬಿದ್ದ ಕೂಡಲೇ ಅವಳ ಎಡಭುಜ ತಾನಾಗಿ ಮೇಲೆದ್ದು ಕಿವಿಯನ್ನು ಮುಚ್ಚಿಕೊಂಡಿತು. ಎತ್ತಿದ ಕೈಯನ್ನು ನಾನು ಹಾಗೇ ಇಳಿಸಿದೆ.

ಇದಾಗಿ ಎಂಟು ತಿಂಗಳಾಯಿತು. ಮೊನ್ನೆ ಪರೀಕ್ಷೆ ಬರೆದಿದ್ದಾಳೆ, ಈ ಬೇಸಿಗೆಗೆ ಹೊಸ ಮಕ್ಕಳಿಗೆ ಅವಳೇ ಕಲಿಸುತ್ತಾಳೆ. ಕೂತವರ ಬೆನ್ನು ಗೋಡೆಗೆ ತಾಗುವ ಹಾಗೆ ನಾನು ಮೇಜುಗಳನ್ನೆಲ್ಲ ತಿರುಗಿಸಿ ಹಾಕಿಸಿದ್ದೇನೆ, ಯಾರ ಹಿಂದೆಯೂ ನಿಲ್ಲಲು ಜಾಗವಿಲ್ಲ. ಆಮೇಲೆ ಯಾರಿಗೂ ಕೈ ಎತ್ತಿಲ್ಲ. ಆದರೂ ನಾನು ಒಳಗೆ ಬಂದ ಸದ್ದು ಕೇಳಿದರೆ ಆ ಭುಜ ಈಗಲೂ ಏಳುತ್ತದೆ.